ನಿಮಗಿದು ಗೊತ್ತೇ? ಕರಗಿದ ಲೋಹದೊಳಗೆ ಹರಳುಗಳ ಓಡಾಟ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಳೆಯ ಸತುಲೇಪದ ತಗಡು ಕಂಡರೆ ಬಿಸಿಲಿಗೆ ಓರೆಯಾಗಿ ನೋಡಿ. ಮೈತುಂಬ ಚಿತ್ತಾರ! ಅದನ್ನು ಯಾರೂ ಬರೆದದ್ದಲ್ಲ. ಉಕ್ಕಿನ ಹಾಳೆಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನ ಸತುವಿನ ದ್ರವದಲ್ಲಿ ಅದ್ದಿ ತೆಗೆದಾಗ, ಆರುತ್ತ ಆರುತ್ತ ಬೆಳೆದ ಸತುವಿನ ಹರಳುಗಳವು. ಸತುವಿಗೆ ಚೂರು ಸೀಸ ಬೆರೆತಿದ್ದರೆ ಹರಳು ದೊಡ್ಡದು. ಸೀಸ ಬಿಟ್ಟ ಈಗಿನ ತಗಡಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದು.

ಉಪ್ಪು, ಸಕ್ಕರೆಯಷ್ಟೇ ಅಲ್ಲ, ನೇಗಿಲ ಕುಳ, ಪಂಪ್‌ಸೆಟ್ಟಿನ ಮೈ, ಗುಡಿಯ ಗಂಟೆ ಎಲ್ಲವೂ ಹರಳುಗಳ ರಾಶಿಯೇ.

ಲೋಹದ ಹರಳು ಬಹುಮಟ್ಟಿಗೆ ಗಿಡದಂತೆ ಬೆಳೆಯುತ್ತದೆ: ಕಾಂಡ, ಕೊಂಬೆ, ಕೊಂಬೆಗೊಂದು ಕೊಂಬೆ. ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಗಟ್ಟಿಯಾಗುತ್ತಿರುವ ಅಂಚಿನಲ್ಲಿ ಸಣ್ಣದೊಂದು ಉಬ್ಬು ಎದ್ದರೂ ಸಾಕು, ತನ್ನ ಶಾಖವನ್ನೂ ಬೆರಕೆಯನ್ನೂ ಸುತ್ತಲಿನ ದ್ರವಕ್ಕೆ ಬೇಗ ಬಿಟ್ಟುಕೊಟ್ಟು ಇನ್ನೂ ಮುಂದೆ ಚಾಚುತ್ತದೆ. ಈ ಗುಟ್ಟಿನ ಗಣಿತವನ್ನು 1963–64ರಲ್ಲಿ ಬಿಡಿಸಿಟ್ಟವರು ಅಮೆರಿಕದ ಮಲಿನ್ಸ್ ಮತ್ತು ಸೆಕೆರ್ಕಾ.

ಕಲ್ಪನಾ ಚಾವ್ಲಾ 1997ರಲ್ಲಿ ಮೊದಲ ಸಲ ಬಾಹ್ಯಾಕಾಶಕ್ಕೆ ಹೋದ ಕೊಲಂಬಿಯಾ ನೌಕೆಯಲ್ಲೂ ಡೆಂಡ್ರೈಟ್ ಪ್ರಯೋಗ ನಡೆದಿತ್ತು. ಬೆಳೆಸಿದ್ದು ಲೋಹವನ್ನಲ್ಲ, ಲೋಹದಂತೆಯೇ ಹರಳುಗಟ್ಟುವ ಪಾರದರ್ಶಕ ಪಿವಾಲಿಕ್ ಆಮ್ಲವನ್ನು. ಭೂಮಿಯ ಮೇಲಾದರೆ ಬಿಸಿ ದ್ರವ ಮೇಲೇರಿ, ತಂಪಾದದ್ದು ಕೆಳಗಿಳಿದು ಹರಳಿನ ಆಕಾರವನ್ನೇ ಕೆಡಿಸುತ್ತದೆ.

ನನಗೆ ಎಲ್ಲಕ್ಕಿಂತ ಬೆರಗು ತರುವುದು ಈ ಹರಳುಗಳ ಓಡಾಟ. ದೊಡ್ಡ ಉಕ್ಕಿನ ಗಟ್ಟಿ ಎರಕ ಹೊಯ್ದಾಗ ದ್ರವದಲ್ಲಿ ಹುಟ್ಟಿದ ಹರಳುಗಳು ಭಾರವಾಗಿ ಮುಳುಗಿ ತಳದಲ್ಲಿ ರಾಶಿ ಬೀಳುತ್ತವೆ. ತಾಮ್ರ ಹೆಚ್ಚು ಬೆರೆತ ಅಲ್ಯೂಮಿನಿಯಂನಲ್ಲಿ ಅದೇ ಉಲ್ಟಾ: ಹರಳು ಹಗುರ, ತೇಲುತ್ತದೆ. ಹರಿವಿಗೆ ಸಿಕ್ಕಿ ಮುರಿದ ಕೊಂಬೆ ಇನ್ನೆಲ್ಲೋ ಹೋಗಿ ಹೊಸ ಹರಳಾಗುತ್ತದೆ. ಹೀಗಾಗಿ ಒಂದೇ ಎರಕದ ಮೇಲ್ಭಾಗಕ್ಕೂ ತಳಕ್ಕೂ ಬೆರಕೆ ಒಂದೇ ಹದದಲ್ಲಿರುವುದಿಲ್ಲ. ಒಡೆದು ನೋಡಿದರೆ ಕಡೆಗೆ ಏನಾಯಿತೆಂದು ಗೊತ್ತಾದೀತು, ಹೇಗಾಯಿತೆಂದು ಅಲ್ಲ. ಕಂಪ್ಯೂಟರ್ ಬೇಕಾದದ್ದು ಇಲ್ಲೇ.

ಉಪಾಯ ಸರಳ. ಜಾಗವನ್ನೆಲ್ಲ ಚಿಕ್ಕ ಚಿಕ್ಕ ಚೌಕಗಳಾಗಿಸಿ, ದ್ರವವಿದ್ದಲ್ಲಿ 0, ಗಟ್ಟಿಯಾದಲ್ಲಿ 1, ಅಂಚಿನಲ್ಲಿ ನಡುವಿನ ಸಂಖ್ಯೆ ಎಂದು ಕೊಟ್ಟು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವುದು. ಇದು ಫೇಸ್-ಫೀಲ್ಡ್ ವಿಧಾನ. ಜಪಾನಿನ ರ್ಯೋ ಕೊಬಯಾಶಿ 1993ರಲ್ಲಿ ಈ ದಾರಿಯಲ್ಲಿ ಡೆಂಡ್ರೈಟ್ ಬೆಳೆಸಿ ತೋರಿಸಿದರು. ಹರಳು ನಿಂತಲ್ಲೇ ಬೆಳೆದರೆ ಇಷ್ಟು ಸಾಕು. ಚಲಿಸತೊಡಗಿದರೆ ಲೆಕ್ಕ ಬೆಟ್ಟದಷ್ಟಾಗುತ್ತದೆ. ದ್ರವ ಹರಳನ್ನು ತಳ್ಳುತ್ತದೆ, ಹರಳು ದ್ರವದ ದಾರಿ ಬದಲಿಸುತ್ತದೆ, ಎರಡು ಹರಳು ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ.

ಟೋಕಿಯೋದ ತ್ಸುಬಾಮೆ 2.0 ಸೂಪರ್ ಕಂಪ್ಯೂಟರಿನಲ್ಲಿ ಡೆಂಡ್ರೈಟ್ ಬೆಳೆಸಿದ ತಂಡಕ್ಕೆ 2011ರಲ್ಲಿ ಗಾರ್ಡನ್ ಬೆಲ್ ಪ್ರಶಸ್ತಿ ಸಂದಿತು. ದುಡಿದದ್ದು 4,000 ಗ್ರಾಫಿಕ್ಸ್ ಚಿಪ್‌ಗಳು.

ಹರಳಿನ ಹದ ನಮ್ಮ ಪಕ್ಕದ ಎರಕದ ಮನೆಗಳಿಗೂ ಮುಖ್ಯ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಿಂದ ತುಂಗಭದ್ರಾ ಹೊಳೆ ದಾಟಿದರೆ ಹರಿಹರ. 1941ರಲ್ಲಿ ಅಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್‌ಗಳಿಗೆ ಹೆಸರಾಗಿತ್ತು. ಲೇತ್‌ನ ಬೆಡ್ ಸಾಮಾನ್ಯವಾಗಿ ಬೂದು ಬೀಡುಕಬ್ಬಿಣದ ಎರಕ. ಫೌಂಡ್ರಿಯವರು ಹೊಯ್ಯುವ ಮುನ್ನ ಫೆರೋಸಿಲಿಕಾನ್ ಪುಡಿ ಹಾಕುವುದೇಕೆ? ಹರಳು ಹುಟ್ಟಲು ನೂರಾರು ನೆಲೆ ಸಿಗಲೆಂದು. ಅದು ತಪ್ಪಿದರೆ ತೆಳು ಅಂಚುಗಳು ಬೇಗ ಆರಿ ಬಿಳಿ ಬೀಡಾಗುತ್ತವೆ. ಅಲ್ಲಿ ಡ್ರಿಲ್ ಬಿಟ್ ಇಳಿಯುವುದೇ ಇಲ್ಲ.

ಆದರೆ ಕಬ್ಬಿಣ ಮೊದಲಿನಿಂದಲೂ ಹೀಗೆ ಕರಗಿ ಎರಕವಾಗುತ್ತಿರಲಿಲ್ಲ. ತುಂಗಭದ್ರೆಯ ದಂಡೆಯಲ್ಲೇ ಇರುವ ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆದಾಗ ಸುಮಾರು 3,000 ವರ್ಷ ಹಿಂದಿನ ಕಬ್ಬಿಣ ಸಿಕ್ಕಿತು. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಆ ಕಾಲದ ಕುಲುಮೆಗೆ ಅಷ್ಟು ಕಾವಿರಲಿಲ್ಲ. ಕರಗಿ ಹರಿಯುತ್ತಿದ್ದುದು ಕಿಟ್ಟ ಮಾತ್ರ, ಕಬ್ಬಿಣ ಮುದ್ದೆಯಾಗಿ ಉಳಿದು ಸುತ್ತಿಗೆಯ ಏಟಿಗೆ ಆಕಾರ ಪಡೆಯುತ್ತಿತ್ತು.

ಮತ್ತೆ ಕಂಪ್ಯೂಟರಿನ ಲೆಕ್ಕಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಭಿಕ್ ಚೌಧುರಿ ಮತ್ತು ಐಐಟಿ ಹೈದರಾಬಾದ್, ಐಐಟಿ ಬಾಂಬೆ, ಸಿ-ಡ್ಯಾಕ್ ಮುಂತಾದೆಡೆಯ ಸಂಗಡಿಗರು ಸೇರಿ ಮೈಕ್ರೋಸಿಮ್ ಎಂಬ ಫೇಸ್-ಫೀಲ್ಡ್ ತಂತ್ರಾಂಶ ಕಟ್ಟಿದ್ದಾರೆ. ಅದು ಮುಕ್ತ ತಂತ್ರಾಂಶ. ದೊಡ್ಡ ಲೆಕ್ಕಕ್ಕೆ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಯಂತ್ರವೇ ಬೇಕು. ಅದರ ಬಲ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಆದರೆ ಒಂದೇ ಹರಳನ್ನು ಎರಡು ಆಯಾಮದಲ್ಲಿ ಬೆಳೆಸಲು ಸಾಮಾನ್ಯ ಕಂಪ್ಯೂಟರ್ ಸಾಕು. ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಇದನ್ನು ಮಾಡಿ ನೋಡಬೇಕೆಂಬುದು ನನ್ನ ಆಸೆ. ಮೊದಲು ತಂಪಾಗುವ ವೇಗ ಹೆಚ್ಚಿಸಿ ನೋಡಿ: ಕೊಂಬೆಗಳು ಸಣ್ಣಗೆ, ಒತ್ತೊತ್ತಾಗಿ ಬರುತ್ತವೆ. ಎರಕದ ಅಲ್ಯೂಮಿನಿಯಂ ಗಟ್ಟಿಮುಟ್ಟಾಗುವುದೂ ಹಾಗೆ ಬಂದಾಗಲೇ.