ಮರುನೆಲದ ಮನೆಗಳ ಗಾಳಿಗೋಪುರ

ದುಬೈ ನಗರದ ನಡುವೆ ಒಳನಾಡಿನತ್ತ ಚಾಚಿಕೊಂಡಿರುವ ಕ್ರೀಕ್ ಎಂಬ ಕಡಲತೋಡಿನ ದಕ್ಷಿಣ ದಡದಲ್ಲಿ, ಇಂದು ಅಲ್ ಫಹೀದಿ ಎಂಬ ಅಧಿಕೃತ ನಾಮವನ್ನು ಪಡೆದಿದ್ದರೂ ಹಳಬರ ಬಾಯಲ್ಲಿ ಬಸ್ತಾಕಿಯಾ ಎಂದೇ ಉಳಿದಿರುವ ಪುರಾತನ ಕೇರಿಯೊಂದುಂಟು. ಇಬ್ಬರು ಎದುರಾದರೆ ಮೈ ಸರಿಸಿ ನಡೆಯಬೇಕಾದಷ್ಟು ಕಿರಿದಾದ ಓಣಿಗಳು, ಅವುಗಳ ಇಕ್ಕೆಲಗಳಲ್ಲಿ ಬೀದಿಯತ್ತ ಮುಖ ತಿರುಗಿಸದೆ ನಿಂತ ಮರಳುಬಣ್ಣದ ಮನೆಗಳು, ಆ ಮನೆಗಳ ಮಾಡುಗಳನ್ನು ಮೀರಿ ನಾಲ್ಕು ದಿಕ್ಕುಗಳಿಗೂ ಬಾಯ್ದೆರೆದ ಚೌಕಾಕಾರದ ಗೋಪುರಗಳು: ಈ ಗೋಪುರಗಳನ್ನು ಅರಬರು ಬರ್ಜೀಲ್ ಎನ್ನುತ್ತಾರೆ, ಪಾರಸಿಕರು ಬಾದ್‌ಗೀರ್ ಎನ್ನುತ್ತಾರೆ. ವಿದ್ಯುಚ್ಛಕ್ತಿಯ ಗಂಧವೂ ಇಲ್ಲದಿದ್ದ ಕಾಲದಲ್ಲಿ, ಪರದೇಶದಿಂದ ಬಂದು ನೆಲೆಸಿದ ಕುಟುಂಬಗಳ ನಿತ್ಯಜೀವನವನ್ನು ಸಹ್ಯವಾಗಿಸಿದ ಶಿಲ್ಪವಿದು.

ಇವನ್ನು ಕಟ್ಟಿಸಿದವರು ಈ ನೆಲದ ಮೂಲನಿವಾಸಿಗಳಲ್ಲ. ದಕ್ಷಿಣ ಇರಾನಿನ ಬಸ್ತಕ್ ಪ್ರಾಂತದ ವರ್ತಕರು ಲಿಂಗೆ ಎಂಬ ರೇವಿನ ಮೂಲಕ ಮುತ್ತು, ಬಟ್ಟೆ, ದಿನಸಿಗಳ ವ್ಯಾಪಾರವನ್ನು ತಲೆಮಾರುಗಳಿಂದ ನಡೆಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇರಾನಿನ ಸರಕಾರವು ಆ ರೇವಿನಲ್ಲಿ ಸುಂಕವನ್ನು ಬಿಗಿಗೊಳಿಸಲು, ಅದೇ ಸಮಯದಲ್ಲಿ ದುಬೈಯ ಅರಸನಾದ ಶೇಖ್ ಮಕ್ತೂಮ್ ಬಿನ್ ಹಶರನು ತನ್ನ ಬಂದರಿಗೆ ಬರುವ ವರ್ತಕರಿಗೆ ಸುಂಕದ ವಿನಾಯಿತಿಯನ್ನಿತ್ತು ಆಹ್ವಾನಿಸಲು, ಅವರು ಹಡಗೇರಿ ಕೊಲ್ಲಿಯ ಈಚೆ ದಡಕ್ಕೆ ಬಂದರು. ಕೆಲಕಾಲದ ವ್ಯಾಪಾರವೆಂದು ಬಂದವರು ಮಡದಿಮಕ್ಕಳನ್ನು ಕರೆಸಿಕೊಂಡರು. ಮಡದಿಮಕ್ಕಳು ಬಂದ ಬಳಿಕ ಮನೆ ಬೇಕಾಯಿತು. ಮನೆ ಕಟ್ಟುವಾಗ ತವರುನಾಡಿನ ವಿದ್ಯೆ ನೆನಪಾಯಿತು.

ಬೇಸಗೆಯಲ್ಲಿ ಉಷ್ಣಮಾನ ನಲವತ್ತು ಡಿಗ್ರಿಯನ್ನು ದಾಟುವ, ಕಡಲಿನ ಆರ್ದ್ರತೆಯಿಂದ ಇರುಳೂ ಬೆವರುವ ಊರದು. ಹೊರಗೋಡೆಯಲ್ಲಿ ಕಿಟಕಿಗಳನ್ನು ತೆರೆದರೆ ಗಾಳಿಯೇನೋ ಬಂದೀತು, ಆದರೆ ಗೃಹಿಣಿಯರ ಏಕಾಂತಕ್ಕೆ ಭಂಗ. ಮುಚ್ಚಿದರೆ ಏಕಾಂತವುಂಟು, ಉಸಿರಿಲ್ಲ. ಈ ಎರಡು ಅಗತ್ಯಗಳ ನಡುವಿನ ವೈಷಮ್ಯವನ್ನು ಗಾಳಿಗೋಪುರವು ಪರಿಹರಿಸಿತು. ಗೋಪುರದ ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆಗಳನ್ನು ಹಾಯಿಸಿ ಅದನ್ನು ನಾಲ್ಕು ಕೊಳವೆಗಳಾಗಿ ವಿಭಾಗಿಸುತ್ತಿದ್ದರು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಆ ದಿಕ್ಕಿನ ಬಾಯಿ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವುದು. ಎದುರು ದಿಕ್ಕಿನ ಕೊಳವೆಯು ಕೋಣೆಯ ಬಿಸಿಯುಸಿರನ್ನು ಮೇಲಕ್ಕೆ ಸೆಳೆದು ಹೊರಹಾಕುವುದು. ಇರಾನಿನ ಯಜ್ದ್ ಮೊದಲಾದ ಒಣನಗರಗಳಲ್ಲಿ ಇಳಿಯುವ ಗಾಳಿಯನ್ನು ನೀರಿನ ಮೇಲೆ ಹಾಯಿಸಿ ತಂಪುಗೊಳಿಸುವುದುಂಟು. ದುಬೈಯಲ್ಲಿ ಗಾಳಿಯೇ ನೀರಿನಿಂದ ತೊಯ್ದಿರುವುದರಿಂದ ಆ ಕ್ರಮವು ನಿರರ್ಥಕ. ಮೈಯ ಬೆವರನ್ನು ಆರಿಸುವ ಚಲನೆಯಷ್ಟೇ ಇಲ್ಲಿ ಬೇಕಾದದ್ದು. ತವರಿನ ವಿದ್ಯೆಯನ್ನು ಹೊಸ ನೆಲಕ್ಕೆ ಅಳವಡಿಸಿದ ವಿವೇಕವು ಇಲ್ಲಿ ಕಾಣುತ್ತದೆ.

ಕಟ್ಟಡದ ಸಾಮಗ್ರಿಯಾದರೂ ಕಡಲೇ ಕೊಟ್ಟದ್ದು. ಆಳವಿಲ್ಲದ ನೀರಿನಿಂದ ಕಡಿದು ತಂದ ಹವಳದ ಕಲ್ಲು, ತನ್ನ ಮೈತುಂಬ ಇರುವ ರಂಧ್ರಗಳ ಕಾರಣದಿಂದ, ಬಿಸಿಲಿನ ತಾಪವನ್ನು ಸುಲಭವಾಗಿ ಒಳಕ್ಕೆ ಬಿಡದು. ಅದಕ್ಕೆ ಜಿಪ್ಸಮ್ಮಿನ ಗಾರೆ. ತೊಲೆಗಳು ಪೂರ್ವ ಆಫ್ರಿಕದ ಕಾಂಡ್ಲಾ ಕಾಡುಗಳಿಂದ ಹಾಯಿಹಡಗುಗಳಲ್ಲಿ ಬಂದ ಚಂದಲ್ ಕಂಬಗಳು; ಆ ಕಂಬಗಳ ಉದ್ದಕ್ಕೆ ಮಿತಿಯಿದ್ದುದರಿಂದಲೇ ಕೋಣೆಗಳು ಉದ್ದವಾಗಿಯೂ ಅಗಲದಲ್ಲಿ ಕಿರಿದಾಗಿಯೂ ಉಳಿದುವು. ಬಾಗಿಲುಗಳಿಗೆ ಭಾರತದ ತೇಗ.

ಮನೆಯ ನಡುವೆ, ನಮ್ಮ ತೊಟ್ಟಿಮನೆಗಳಲ್ಲಿರುವಂತೆ, ಆಕಾಶಕ್ಕೆ ತೆರೆದ ಅಂಗಳ. ಹೆಬ್ಬಾಗಿಲ ಬಳಿ ಗಂಡಸರು ಅತಿಥಿಗಳನ್ನು ಸತ್ಕರಿಸುವ ಮಜ್ಲಿಸ್. ಒಳಗೆ ಹೆಂಗಸರ ಮತ್ತು ಮಕ್ಕಳ ಕೋಣೆಗಳು. ಸೂರ್ಯನು ನೆತ್ತಿಗೇರುವ ಮುನ್ನವೇ ಹೊರಗಿನ ಕೆಲಸ ಮುಗಿಸಿ, ಮಧ್ಯಾಹ್ನದ ಉಗ್ರವೇಳೆಯನ್ನು ಮನೆಮಂದಿಯೆಲ್ಲ ಗೋಪುರದ ಕೆಳಗಿನ ಕೋಣೆಯಲ್ಲಿ ಕಳೆಯುತ್ತಿದ್ದರು. ಊಟ, ನಿದ್ರೆ, ಹೊಲಿಗೆ, ಮಾತುಕತೆಗಳೆಲ್ಲವೂ ಆ ಇಳಿಗಾಳಿಯ ಆಶ್ರಯದಲ್ಲಿಯೇ. ಇರುಳಾದೊಡನೆ ಹಾಸಿಗೆಗಳು ಮರೆಗೋಡೆಯುಳ್ಳ ಮಾಡಿನ ಮೇಲಕ್ಕೆ ಏರುತ್ತಿದ್ದುವು. ಚಳಿಗಾಲ ಬಂದಾಗ ಗೋಪುರದ ಬಾಯನ್ನು ಹಲಗೆಗಳಿಂದ ಮುಚ್ಚಿ, ಬೇಸಗೆ ಮರಳಿದಾಗ ತೆರೆಯುವುದು ಗೃಹಕೃತ್ಯಗಳಲ್ಲೊಂದು. ಖರ್ಜೂರದ ಗರಿಗಳಿಂದ ಹೆಣೆದ ಬರಸ್ತಿ ಗುಡಿಸಲಿನ ಬಡವರೂ ಈ ವಿದ್ಯೆಯಿಂದ ವಂಚಿತರಾಗಲಿಲ್ಲ; ಅವರು ಮರದ ಚೌಕಟ್ಟಿಗೆ ಗೋಣಿಬಟ್ಟೆಯನ್ನು ಬಿಗಿದು ಅದರಿಂದಲೇ ಗೋಪುರವನ್ನು ಮಾಡಿಕೊಂಡರು.

1961ರಲ್ಲಿ ವಿದ್ಯುತ್ ಸರಬರಾಜು ಆರಂಭವಾಗಿ, 1966ರಲ್ಲಿ ತೈಲ ದೊರೆತು, ಹವಾನಿಯಂತ್ರಕಗಳು ಮನೆಮನೆಗೂ ಬಂದಂತೆ ವರ್ತಕ ಕುಟುಂಬಗಳು ವಿಶಾಲವಾದ ಹೊಸ ಬಡಾವಣೆಗಳಿಗೆ ತೆರಳಿದುವು. ಎಂಬತ್ತರ ದಶಕದಲ್ಲಿ ಕೇರಿಯ ಬಹುಭಾಗ ನೆಲಸಮವಾಯಿತು. ಉಳಿದುದೂ ಅಳಿಯಬೇಕಾಗಿದ್ದಾಗ ಅಲ್ಲಿಯೇ ವಾಸವಾಗಿದ್ದ ರೇನರ್ ಒಟರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಅದರ ರಕ್ಷಣೆಗೆ ದನಿಯೆತ್ತಿದನು. 1989ರಲ್ಲಿ ಅಲ್ಲಿಗೆ ಬಂದ ಬ್ರಿಟನ್ನಿನ ರಾಜಕುಮಾರ ಚಾರ್ಲ್ಸನು ಆ ದನಿಗೆ ಬಲ ಕೂಡಿಸಿದನು. ಕೇರಿ ಉಳಿಯಿತು, ಜೀರ್ಣೋದ್ಧಾರವಾಯಿತು.

ಆ ಕೇರಿಗೆ ಸಮೀಪದ ಬರ್ ದುಬೈ, ಕರಾಮಾಗಳ ಬಹುಮಹಡಿ ಕಟ್ಟಡಗಳಲ್ಲಿ ಇಂದು ಮಂಗಳೂರು, ಉಡುಪಿ, ಭಟ್ಕಳಗಳಿಂದ ಬಂದ ನಮ್ಮವರ ಸಂಸಾರಗಳೂ ಇವೆ. ಮಾಡಿನ ಮೇಲಿನ ತೊಟ್ಟಿಯ ನೀರು ಬೇಸಗೆಯಲ್ಲಿ ಕಾದು ಮೈಸುಡುವಂತಾದಾಗ, ಗೀಸರನ್ನು ಆರಿಸಿಟ್ಟು ಅದರೊಳಗೆ ತಂಗಿ ತಣಿದ ನೀರಿನಿಂದಲೇ ಮಕ್ಕಳಿಗೆ ಸ್ನಾನ ಮಾಡಿಸುವ ತಾಯಂದಿರ ಜಾಣ್ಮೆಯು, ಗೋಪುರ ಕಟ್ಟಿದವರ ಜಾಣ್ಮೆಯ ಸಗೋತ್ರವೇ ಸರಿ. ಆದರೆ ಹೊರಗೆ ಬಿಸಿಲಿನಲ್ಲಿ ದುಡಿಯುವ ಕಾರ್ಮಿಕನಿಗೆ ಹವಾನಿಯಂತ್ರಕದ ಆಶ್ರಯವಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನ ಕೆಲಸವನ್ನು ನಿಷೇಧಿಸುವ ನಿಯಮವೇ ಅವನಿಗಿರುವ ನೆರಳು.

ಇಂದು ಗಾಳಿಗೋಪುರದ ಆಕೃತಿಯನ್ನು ಹೊಸ ಹೋಟೆಲುಗಳ ನೆತ್ತಿಯ ಮೇಲೆ ಅಲಂಕಾರಕ್ಕಾಗಿ ನಿಲ್ಲಿಸುತ್ತಾರೆ. ಅವುಗಳಲ್ಲಿ ಬಹಳಷ್ಟು ಗಾಳಿಯನ್ನು ಇಳಿಸುವುದಿಲ್ಲ. ರೂಪವು ಮಾತ್ರ ಉಳಿದು ತತ್ತ್ವವು ಮರೆಯಾದರೆ ನಷ್ಟವು ಆ ನಗರಕ್ಕೊಂದಕ್ಕೇ ಅಲ್ಲ. ಒಂದು ಹನಿ ಇಂಧನವನ್ನೂ ಬಯಸದೆ, ಬೀಸುವ ಗಾಳಿಯನ್ನೇ ಸೇವಕನನ್ನಾಗಿ ಮಾಡಿಕೊಂಡ ಆ ವಿದ್ಯೆಯು ವರ್ಷದಿಂದ ವರ್ಷಕ್ಕೆ ಕಾವೇರುತ್ತಿರುವ ಜಗತ್ತಿಗೆಲ್ಲ ಬೇಕಾದದ್ದು. ವಲಸೆ ಬಂದವರು ನಾಡಿನ ಸಂಪತ್ತನ್ನು ಉಂಡು ಹೋಗುವವರೆಂದು ಹಗುರಾಗಿ ಆಡುವವರು ಬಸ್ತಾಕಿಯಾದ ಓಣಿಗಳಲ್ಲಿ ಒಮ್ಮೆ ನಡೆಯಬೇಕು. ದುಬೈ ತನ್ನ ಪರಂಪರೆಯ ಲಾಂಛನವೆಂದು ಹೆಮ್ಮೆಯಿಂದ ತೋರಿಸುವ ಆ ಗೋಪುರವನ್ನು ಅದಕ್ಕೆ ಕೊಟ್ಟವರು, ಬಾಳಲು ತಾವನ್ನರಸಿ ಬಂದ ಪರದೇಶಿಗಳು.