ಸಹಿ ಮಾಡುವಾಗ ಕೈ ನಡುಗುತ್ತದೆಯೇ?



ಸಂಘದ ವಾರದ ಸಭೆಯಲ್ಲಿ ಹಾಜರಿ ಪುಸ್ತಕ ಸುತ್ತು ಬರುವಾಗ ಕೆಲವರು ಅದನ್ನು ಪಕ್ಕದವರಿಗೆ ದಾಟಿಸಿ "ನಾನು ಕೊನೆಗೆ ಮಾಡ್ತೀನಿ" ಅನ್ನುವುದನ್ನು ನೀವು ಕಂಡಿರಬಹುದು. ಎಲ್ಲರೂ ನೋಡುತ್ತಿದ್ದರೆ ಕೈ ಇನ್ನೂ ಜಾಸ್ತಿ ನಡುಗುತ್ತದೆ, ಅಕ್ಷರ ಅಂಕುಡೊಂಕಾಗುತ್ತದೆ ಎಂಬ ನಾಚಿಕೆ. ಚಹಾ ಕೊಟ್ಟರೂ ಬೇಡ ಅನ್ನುತ್ತಾರೆ, ಯಾಕೆಂದರೆ ಲೋಟ ಎತ್ತಿದರೆ ಚೆಲ್ಲುತ್ತದೆ. ನೋಡಿದವರು ಹೆದರಿಕೆ, ವಯಸ್ಸಾಯ್ತು, ನರ ದೌರ್ಬಲ್ಯ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಕೆಯ ಮನಸ್ಸಿನೊಳಗೆ ಮಾತ್ರ, ಇದು ಪಾರ್ಕಿನ್ಸನ್ ಕಾಯಿಲೆ ಇರಬಹುದೇ ಎಂಬ ಭಯ.

ಇಂಥ ಬಹಳಷ್ಟು ಜನರಿಗೆ ಇರುವುದು ಬೇರೆಯೇ ಒಂದು ತೊಂದರೆ. ಅದಕ್ಕೆ ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ. ಟ್ರೆಮರ್ ಅಂದರೆ ನಡುಕ. ಎಸೆನ್ಷಿಯಲ್ ಅಂದರೆ ಇಂಗ್ಲಿಷಿನಲ್ಲಿ ಅಗತ್ಯ ಎಂಬ ಅರ್ಥವಿದ್ದರೂ, ವೈದ್ಯರ ಭಾಷೆಯಲ್ಲಿ ಹೊರಗಿನ ಕಾರಣ ಯಾವುದೂ ಕಾಣದೆ ತಾನಾಗಿ ಬರುವ ತೊಂದರೆ ಎಂದರ್ಥ. ಯಾರಿಗೂ ಅಗತ್ಯವಿಲ್ಲದ ನಡುಕಕ್ಕೆ ಇದೆಂಥ ಹೆಸರೋ! ಇದು ಅಪರೂಪದ್ದೂ ಅಲ್ಲ. ಒಟ್ಟು ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ, 65 ವರ್ಷ ದಾಟಿದವರಲ್ಲಿ ನೂರಕ್ಕೆ ನಾಲ್ಕೈದು ಮಂದಿಗೆ ಇರುತ್ತದೆ. ಆದರೆ ಮುದುಕರಿಗೆ ಮಾತ್ರ ಬರುತ್ತದೆ ಎಂದು ತಿಳಿಯಬೇಡಿ, 20ರ ಹರೆಯದಲ್ಲೂ ಶುರುವಾಗಬಹುದು.

ತೊಂದರೆ ಇರುವುದು ಕೈಯಲ್ಲಲ್ಲ. ನಮ್ಮ ಚಲನೆಯನ್ನು ಹದಗೊಳಿಸುವ ಕಿರುಮಿದುಳು ಮತ್ತು ಅದಕ್ಕೆ ಸೇರಿದ ನರಜಾಲದ ಲಯ ತಪ್ಪುತ್ತದೆ. ಹಾಗಾಗಿ ಕೈಯ ನರಕ್ಕೆ ಶಕ್ತಿ ಬರಲಿ ಎಂದು ಅಂಗಡಿಯಿಂದ ತಂದ ಟಾನಿಕ್ ಕುಡಿದರೆ ನಡುಕ ನಿಲ್ಲುವುದಿಲ್ಲ. ಸುಮಾರು ಅರ್ಧದಷ್ಟು ರೋಗಿಗಳ ಮನೆತನದಲ್ಲಿ ಇನ್ನೊಬ್ಬರಿಗೂ ಇದು ಇರುತ್ತದೆ. "ನಮ್ಮಮ್ಮನ ಕೈಯೂ ಹೀಗೇ ಅದುರುತ್ತಿತ್ತು" ಎಂಬ ಮಾತು ವೈದ್ಯರಿಗೆ ದೊಡ್ಡ ಸುಳಿವು, ಮರೆಯದೆ ಹೇಳಿ. ಇದು ಅಂಟುರೋಗವಲ್ಲ, ಪ್ರಾಣಕ್ಕೂ ಅಪಾಯವಿಲ್ಲ. ವರ್ಷಗಳು ಕಳೆದಂತೆ ನಿಧಾನವಾಗಿ ಹೆಚ್ಚಾಗಬಹುದು.

ಪಾರ್ಕಿನ್ಸನ್‌ಗೂ ಇದಕ್ಕೂ ವ್ಯತ್ಯಾಸ ಏನು?

ಮುಖ್ಯವಾಗಿ ಗಮನಿಸಬೇಕಾದದ್ದು ಕೈ ಯಾವಾಗ ನಡುಗುತ್ತದೆ ಅನ್ನುವುದನ್ನು. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಕೈ ಮಡಿಲಲ್ಲಿ ಸುಮ್ಮನಿದ್ದಾಗ ಶಾಂತವಾಗಿರುತ್ತದೆ. ಕೆಲಸಕ್ಕೆ ಎತ್ತಿದ ಕೂಡಲೇ ನಡುಗುತ್ತದೆ. ಸೂಜಿಗೆ ದಾರ ಪೋಣಿಸುವಾಗ, ಹಣೆಗೆ ಬೊಟ್ಟಿಡುವಾಗ, ಸಾರು ಬಡಿಸುವಾಗ, ಬರೆಯುವಾಗ. ಕೈ ಮುಂದೆ ಚಾಚಿ ಹಿಡಿದರೆ ಬಳೆಗಳೇ ಸದ್ದು ಮಾಡುತ್ತವೆ. ಸಾಮಾನ್ಯವಾಗಿ ಎರಡೂ ಕೈಗಳಲ್ಲಿ ಇರುತ್ತದೆ, ಒಂದರಲ್ಲಿ ಸ್ವಲ್ಪ ಹೆಚ್ಚಿರಬಹುದು. ಕೆಲವರಿಗೆ ತಲೆ "ಬೇಡ, ಬೇಡ" ಎಂದಂತೆ ಅಲುಗುತ್ತದೆ (ಇದು ಹೆಂಗಸರಲ್ಲಿ ಹೆಚ್ಚು), ಸ್ವರವೂ ನಡುಗುತ್ತದೆ.

ಪಾರ್ಕಿನ್ಸನ್‌ನಲ್ಲಿ ಹೆಚ್ಚಾಗಿ ಇದರ ತಿರುವುಮುರುವು. ಕೈ ಸುಮ್ಮನಿದ್ದಾಗಲೇ ಹೆಬ್ಬೆರಳು ಬೆರಳುಗಳು ಗುಳಿಗೆ ಉರುಟಿದಂತೆ ಆಡುತ್ತವೆ, ಮೊದಲು ಒಂದೇ ಕಡೆ ಶುರುವಾಗುತ್ತದೆ. ನಡಿಗೆ ಮತ್ತು ಕೆಲಸ ನಿಧಾನವಾಗುತ್ತವೆ, ಮೈ ಬಿಗಿಯುತ್ತದೆ, ನಡೆಯುವಾಗ ಕೈ ಬೀಸುವುದಿಲ್ಲ. ಅಕ್ಷರ ಬರೆಯುತ್ತಾ ಬರೆಯುತ್ತಾ ಸಣ್ಣದಾಗುತ್ತದೆ. ಎಸೆನ್ಷಿಯಲ್ ಟ್ರೆಮರ್ ಇರುವವರ ಅಕ್ಷರ ಸಣ್ಣದಾಗುವುದಿಲ್ಲ, ದೊಡ್ಡದಾಗಿ ಅಲೆ ಅಲೆಯಾಗಿರುತ್ತದೆ. ವೈದ್ಯರು ಕಾಗದದ ಮೇಲೆ ಚಕ್ಕುಲಿಯಂಥ ಸುರುಳಿ ಬರೆಸುವುದು ಇದನ್ನೇ ನೋಡಲು. ಹಾಗಂತ ಮನೆಯಲ್ಲೇ ಸುರುಳಿ ಬರೆದು ನಾವೇ ತೀರ್ಮಾನ ಮಾಡಬಾರದು.

ಈ ತೊಂದರೆಯನ್ನು ಖಚಿತವಾಗಿ ತೋರಿಸುವ ರಕ್ತ ಪರೀಕ್ಷೆಯಾಗಲೀ ಸ್ಕ್ಯಾನಿಂಗ್ ಆಗಲೀ ಇಲ್ಲ. ವೈದ್ಯರು ಕೈಯನ್ನು ನೋಡಿ, ನಿಮ್ಮ ಮಾತು ಕೇಳಿಯೇ ನಿರ್ಧರಿಸಬೇಕು. ಎರಡೂ ಕೈಗಳಲ್ಲಿ ಕನಿಷ್ಠ ಮೂರು ವರ್ಷದಿಂದ ನಡುಕವಿದ್ದು ಬೇರೆ ಲಕ್ಷಣವಿಲ್ಲದಿದ್ದರೆ ಮಾತ್ರ ಈ ಹೆಸರು ಕೊಡಬೇಕೆಂದು ತಜ್ಞರು 2018ರಲ್ಲಿ ಒಪ್ಪಿಕೊಂಡಿದ್ದಾರೆ. ರಕ್ತ ಪರೀಕ್ಷೆ ಬರೆದುಕೊಟ್ಟರೆ ಅದು ಬೇರೆ ಕಾರಣ ಇದೆಯೇ ನೋಡುವುದಕ್ಕೆ. ಹೆಂಗಸರಲ್ಲಿ ಥೈರಾಯ್ಡ್ ಮುಖ್ಯ. ನಡುಕದ ಜೊತೆ ಎದೆ ಹೊಡೆದುಕೊಳ್ಳುವುದು, ಬೆವರು, ತೂಕ ಇಳಿಯುವುದು ಇದ್ದರೆ ಅದನ್ನು ಪರೀಕ್ಷಿಸಲೇಬೇಕು. ಉಬ್ಬಸಕ್ಕೆ ತೆಗೆದುಕೊಳ್ಳುವ ಸಾಲ್‌ಬುಟಮಾಲ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್ ಕೂಡ ಕೈ ನಡುಗಿಸುತ್ತವೆ. ಆದರೆ ಅವನ್ನು ನೀವಾಗಿ ನಿಲ್ಲಿಸಬೇಡಿ. ಚಿಕ್ಕ ವಯಸ್ಸಿನವರಾದರೆ ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಅಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ನಡುಕ ಇದ್ದಕ್ಕಿದ್ದಂತೆ ಬಂದರೆ, ಜೊತೆಗೆ ಮಾತು ತೊದಲಿದರೆ ಅಥವಾ ಒಂದು ಕಡೆ ಬಲ ಕಡಿಮೆಯಾದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಕುಡಿತದ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈ ನಡುಗುವ ಗಂಡಸನ್ನು ಊರಿನವರು ಕುಡುಕ ಅಂದುಬಿಡುತ್ತಾರೆ. ದಿನಾ ಕುಡಿಯುವವನಿಗೆ ಬೆಳಿಗ್ಗೆ ಸಾರಾಯಿ ಸಿಗದೆ ಕೈ ನಡುಗುವುದು ನಿಜ. ಆದರೆ ಎಸೆನ್ಷಿಯಲ್ ಟ್ರೆಮರ್ ಇರುವ ಬಹಳ ಜನರಿಗೆ ಸ್ವಲ್ಪ ಕುಡಿದರೆ ಒಂದೆರಡು ಗಂಟೆ ಕೈ ನಿಲ್ಲುತ್ತದೆ, ಇಳಿದ ಮೇಲೆ ನಡುಕ ಮೊದಲಿಗಿಂತ ಹೆಚ್ಚಾಗುತ್ತದೆ. ನಡುಕ ಮುಚ್ಚಲು ಕುಡಿಯುತ್ತಾ ಚಟಕ್ಕೆ ಬಿದ್ದವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಹೀಗಿದ್ದರೆ ಯಾವುದು ಮೊದಲು ಶುರುವಾಯಿತು, ನಡುಕವೋ ಕುಡಿತವೋ ಎಂದು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಿ. ಅವರು ಕೊಡುವ ಚಿಕಿತ್ಸೆ ಅದರಿಂದ ಬದಲಾಗಬಹುದು.

ಚಿಕಿತ್ಸೆ ಎಲ್ಲರಿಗೂ ಬೇಕೇ?

ಬೇಕಿಲ್ಲ. ಕೆಲಸಕ್ಕೆ ಅಡ್ಡಿಯಾಗದಿದ್ದರೆ ಇದೇನೆಂದು ತಿಳಿದುಕೊಂಡರೆ ಸಾಕು. ಅಡ್ಡಿಯಾದರೆ ಪ್ರೊಪ್ರನೊಲಾಲ್ ಎಂಬ ಮಾತ್ರೆ ಇದೆ. ಮೂಲತಃ ಇದು ಹೃದಯ ಮತ್ತು ರಕ್ತದೊತ್ತಡದ ಔಷಧಿ, ನಡುಕಕ್ಕೂ ಆಗುತ್ತದೆಂದು 1971ರಲ್ಲಿ ವೈದ್ಯರು ಬರೆದರು. ಬೆಲೆಯೂ ದುಬಾರಿಯಲ್ಲ. ಇನ್ನೊಂದು ಪ್ರಿಮಿಡೋನ್, ಅದು ಫಿಟ್ಸ್ ಔಷಧಿ. ಶುರುವಿನಲ್ಲಿ ತೂಕಡಿಕೆ ಬರುವುದರಿಂದ ರಾತ್ರಿ ಸಣ್ಣ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ಔಷಧಿಗಳಿಂದ ಒಳ್ಳೆಯ ಗುಣ ಕಾಣುತ್ತದೆ. ಆದರೆ ನಡುಕ ಕಡಿಮೆಯಾಗುತ್ತದೆಯೇ ಹೊರತು ಬೇರುಸಹಿತ ಹೋಗುವುದಿಲ್ಲ.

ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ತಂದು ನುಂಗಬಾರದು. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಉಸಿರನ್ನೇ ಕಟ್ಟಿಸಬಹುದು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಬರುವ ಎಚ್ಚರಿಕೆಯ ಗುರುತುಗಳನ್ನು ಅದು ಮರೆಮಾಚುತ್ತದೆ. ಶುರು ಮಾಡಿದ್ದನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ತೊಂದರೆ. ಬಸುರಿ, ಬಾಣಂತಿಯರು ಮೊದಲೇ ಹೇಳಬೇಕು. ಔಷಧಿಗೆ ಬಗ್ಗದ, ಊಟವನ್ನೂ ತಾನಾಗಿ ಮಾಡಲಾಗದಷ್ಟು ನಡುಕಕ್ಕೆ ಮಿದುಳಿನೊಳಗೆ ಸಣ್ಣ ತಂತಿ ಇಟ್ಟು ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆ ಇದೆ. ಅದಕ್ಕೆ ಬಹಳ ಖರ್ಚು, ಕೆಲವರಿಗೆ ಮಾತ್ರ ಬೇಕಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಲೋಟಕ್ಕೆ ಅರ್ಧ ಮಾತ್ರ ಹಾಕಿ, ಎರಡೂ ಕೈಯಲ್ಲಿ ಹಿಡಿಯಿರಿ, ಮೊಣಕೈಯನ್ನು ಮೈಗೆ ಒತ್ತಿಕೊಳ್ಳಿ. ದಪ್ಪ ಪೆನ್ನು, ಸ್ವಲ್ಪ ಭಾರದ ಚಮಚ ಅನುಕೂಲ. ಕಾಫಿ ಚಹಾ ಕಡಿಮೆ ಮಾಡಿ ನೋಡಿ. ಕುದಿಯುವ ಅನ್ನದ ಗಂಜಿ ಬಸಿಯುವ ಕೆಲಸವನ್ನು ಮಾತ್ರ ಮನೆಯ ಇನ್ನೊಬ್ಬರಿಗೆ ಬಿಡಿ.

ಬ್ಯಾಂಕಿನಲ್ಲಿ ಸಹಿ ಹೊಂದದಿದ್ದರೆ?

ಸಾಕ್ಷರತಾ ತರಗತಿಯಲ್ಲಿ ಕಷ್ಟಪಟ್ಟು ಸಹಿ ಕಲಿತವಳಿಗೆ "ಸಹಿ ಹೊಂದೋದಿಲ್ಲ, ಹೆಬ್ಬೆಟ್ಟು ಒತ್ತಮ್ಮ" ಅಂದರೆ ಎಷ್ಟು ನೋವಾಗುತ್ತದೆ! ಸಂಘದ ಪ್ರತಿನಿಧಿಯಾಗಿದ್ದವರು ಇದೇ ಕಾರಣಕ್ಕೆ ಹಿಂದೆ ಸರಿಯುವುದುಂಟು. ಹಾಗೆ ಬಿಡಬೇಕಿಲ್ಲ. ಈಗಿನ ಸಹಿಯನ್ನೇ ಹೊಸ ಮಾದರಿ ಸಹಿಯಾಗಿ ತೆಗೆದುಕೊಳ್ಳಲು ಬ್ಯಾಂಕಿನವರನ್ನು ಕೇಳಿ, ವೈದ್ಯರ ಚೀಟಿ ಇದ್ದರೆ ತೋರಿಸಿ. ಸಹಿ ಮಾಡಲು ಆಗುವುದೇ ಇಲ್ಲ ಎಂಬ ಸ್ಥಿತಿ ಬಂದರೂ ಹಣ ಸಿಕ್ಕಿಕೊಳ್ಳುವುದಿಲ್ಲ. ಕಾಯಿಲೆಯಿಂದ ಸಹಿ ಮಾಡಲಾಗದವರ ಸ್ವಂತ ಖಾತೆಗೆ, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಪಡೆದು ಹಣ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಮಾಡಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿಯಾಗಿರಬೇಕು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬೇಕೆನಿಸಿದರೆ ಅಲ್ಲಿಂದ ಜಿಲ್ಲಾಸ್ಪತ್ರೆಗೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆಗಳನ್ನು, ಆಯುರ್ವೇದದ್ದೂ ಸೇರಿ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಐದಾರು ವರ್ಷದ ಹಿಂದೆ ನೀವು ಸಹಿ ಮಾಡಿದ ಯಾವುದಾದರೂ ಕಾಗದ ಸಿಕ್ಕಿದರೆ ಅದನ್ನೂ ಒಯ್ಯಿರಿ. ನಡುಕ ಎಷ್ಟು ವರ್ಷದಿಂದ ಇದೆ, ಎಷ್ಟು ಹೆಚ್ಚಾಗಿದೆ ಎಂದು ಅದನ್ನು ನೋಡಿದರೆ ವೈದ್ಯರಿಗೆ ತಿಳಿಯುತ್ತದೆ.