ಪಾತಾಳಗರಡಿಗೆ ನಿಲುಕದ ಆಳ: ಭೂಗರ್ಭ ಸಂಶೋಧನೆ ಮತ್ತು ಜನಪದ ಕಥನ

೧

ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಲು ನಮ್ಮ ಹಳ್ಳಿಗಳಲ್ಲಿ ಬಳಸುತ್ತಿದ್ದ, ಹಲವು ಕೊಕ್ಕೆಗಳುಳ್ಳ ಕಬ್ಬಿಣದ ಸಾಧನಕ್ಕೆ ಪಾತಾಳಗರಡಿ ಎಂದು ಹೆಸರು. ಹಗ್ಗಕ್ಕೆ ಕಟ್ಟಿ ಅದನ್ನು ಇಳಿಬಿಡುವವರಿಗೆ ಬಾವಿಯ ತಳ ಕಾಣುವುದಿಲ್ಲ. ಕೊಕ್ಕೆ ಕಲ್ಲಿಗೆ ತಗುಲಿತೋ, ಕೆಸರಿನಲ್ಲಿ ಹೂತಿತೋ, ಕೊಡದ ಕಂಠಕ್ಕೆ ಸಿಕ್ಕಿತೋ ಎಂಬುದನ್ನು ಹಗ್ಗದ ಗುಂಟ ಕೈಗೆ ಬರುವ ಅದುರುವಿಕೆಯಿಂದಲೇ ಅವರು ಊಹಿಸಬೇಕು. ಕಾಣದ ಆಳವನ್ನು ಕಂಪನದಿಂದ ತಿಳಿಯುವ ಈ ಕ್ರಮಕ್ಕೂ ಭೂಮಿಯ ಒಡಲನ್ನು ಕುರಿತ ಆಧುನಿಕ ವಿಜ್ಞಾನದ ಕ್ರಮಕ್ಕೂ ಒಂದು ಮೂಲಭೂತ ಹೋಲಿಕೆಯಿದೆ. ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ ಸುಮಾರು ೬೩೭೧ ಕಿಲೋಮೀಟರ್ ದೂರ. ಇದರಲ್ಲಿ ಮನುಷ್ಯ ಕೊರೆದು ಮುಟ್ಟಿರುವುದು ಹನ್ನೆರಡು ಕಿಲೋಮೀಟರನ್ನು ತುಸು ಮೀರಿದ ಆಳವನ್ನು ಮಾತ್ರ. ಉಳಿದುದೆಲ್ಲವೂ ಬಹುಮಟ್ಟಿಗೆ ಆಲಿಸಿ ತಿಳಿದದ್ದು.

ಕಣ್ಣು ತಲುಪದ ಕಡೆಯಲ್ಲಿ ಕಥನ ಹುಟ್ಟುತ್ತದೆ ಎಂಬುದು ಜಾನಪದ ಅಧ್ಯಯನದ ಸಾಮಾನ್ಯ ಅನುಭವ. ಭೂಗರ್ಭವನ್ನು ವಿಜ್ಞಾನ ಹೇಗೆ ಅರಿಯಿತು, ಆ ಅರಿವಿನ ಅಂಚಿನಲ್ಲಿ ಎಂತಹ ಕಥನಗಳು ಹುಟ್ಟಿದವು, ಇವೆರಡನ್ನೂ ಎದುರಿಗಿಟ್ಟುಕೊಂಡ ಸಂಶೋಧಕನ ಹೊಣೆ ಏನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಭೂಮಿಯ ರಚನೆಯನ್ನು ಭೂಕವಚ, ಮ್ಯಾಂಟಲ್ ಮತ್ತು ಕೇಂದ್ರಗೋಳ ಎಂದು ಮುಖ್ಯವಾಗಿ ಮೂರು ಭಾಗಗಳಾಗಿ ವಿಂಗಡಿಸುವುದು ವಾಡಿಕೆ. ಭೂಕವಚವು ಸಾಗರಗಳ ತಳದಲ್ಲಿ ಕೆಲವೇ ಕಿಲೋಮೀಟರ್ ದಪ್ಪವಿದ್ದರೆ ಖಂಡಗಳ ಕೆಳಗೆ ಸಾಮಾನ್ಯವಾಗಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಪ್ಪವಾಗಿದೆ. ಅದರ ಕೆಳಗೆ ಸುಮಾರು ೨೮೯೦ ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್ ಹರಡಿದೆ. ಭೂಮಿಯ ಗಾತ್ರದಲ್ಲಿ ಶೇಕಡಾ ೮೦ಕ್ಕಿಂತ ಹೆಚ್ಚು ಪಾಲು ಇದರದ್ದೇ. ಮ್ಯಾಂಟಲ್ ಕರಗಿದ ಲಾವಾರಸದ ಕಡಲು ಎಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಅದು ಬಹುತೇಕ ಘನಶಿಲೆ. ಆದರೆ ಅಪಾರ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ, ವರ್ಷಕ್ಕೆ ಕೆಲವು ಸೆಂಟಿಮೀಟರುಗಳ ವೇಗದಲ್ಲಿ, ಕೋಟ್ಯಂತರ ವರ್ಷಗಳಿಂದ ನಿಧಾನವಾಗಿ ಹರಿಯುತ್ತಿರುವ ಶಿಲೆ.

ಈ ಚಿತ್ರ ರೂಪುಗೊಂಡದ್ದು ಭೂಕಂಪಗಳಿಂದ. ೧೮೯೭ರ ಜೂನ್ ೧೨ರಂದು ಅಸ್ಸಾಮನ್ನು ನಡುಗಿಸಿದ ಮಹಾಭೂಕಂಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅಧ್ಯಯನ ಮಾಡಿದರು. ದೂರದೇಶಗಳ ಭೂಕಂಪಮಾಪಕಗಳಲ್ಲಿ ದಾಖಲಾದ ಕಂಪನಗಳಲ್ಲಿ ಮೊದಲು ತಲುಪುವ ಪ್ರಾಥಮಿಕ ಅಲೆ, ಅನಂತರದ ದ್ವಿತೀಯ ಅಲೆ ಮತ್ತು ಮೇಲ್ಮೈ ಅಲೆಗಳನ್ನು ಅವರು ಬೇರ್ಪಡಿಸಿ ಗುರುತಿಸಿದರು. ಭೂಮಿಯ ನಡುವನ್ನು ಹಾದು ಬರುವ ಅಲೆಗಳು ತಡವಾಗಿ ತಲುಪುವುದನ್ನು ಆಧರಿಸಿ ೧೯೦೬ರಲ್ಲಿ ಭೂಮಿಗೆ ಪ್ರತ್ಯೇಕವಾದ ಒಂದು ಕೇಂದ್ರಗೋಳವಿದೆ ಎಂದು ತೋರಿಸಿದರು. ೧೯೦೯ರಲ್ಲಿ ಜಾಗ್ರೆಬ್ ಸಮೀಪ ಸಂಭವಿಸಿದ ಭೂಕಂಪದ ದಾಖಲೆಗಳಿಂದ ಆಂದ್ರಿಯಾ ಮೊಹೊರೊವಿಚಿಚ್ ಭೂಕವಚ ಮತ್ತು ಮ್ಯಾಂಟಲ್‌ಗಳ ನಡುವಣ ಗಡಿಯನ್ನು ಕಂಡರು. ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಬೆನೊ ಗುಟೆನ್‌ಬರ್ಗ್ ಕೇಂದ್ರಗೋಳದ ಆಳವನ್ನು ಲೆಕ್ಕಹಾಕಿದರು. ದ್ವಿತೀಯ ಅಲೆಗಳು ದ್ರವದಲ್ಲಿ ಸಾಗಲಾರವು. ಅವು ಕೇಂದ್ರಗೋಳವನ್ನು ದಾಟಿ ಬಾರದಿರುವುದು ಅದು ದ್ರವರೂಪದ್ದೆಂಬುದಕ್ಕೆ ಸಾಕ್ಷಿಯಾಯಿತು. ೧೯೩೬ರಲ್ಲಿ ಡೆನ್ಮಾರ್ಕಿನ ಇಂಗೆ ಲೆಹಮಾನ್, ಬಾರಬಾರದೆಡೆಯಲ್ಲಿ ಬಂದ ಕ್ಷೀಣ ಅಲೆಗಳನ್ನು ಪರಿಶೀಲಿಸಿ, ಆ ದ್ರವದೊಳಗೆ ಮತ್ತೊಂದು ಒಳಗೋಳವಿದೆ ಎಂದು ಪ್ರತಿಪಾದಿಸಿದರು.

ಈ ಆಲಿಸುವಿಕೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ದೂರದೇಶಗಳ ಭೂಗತ ಅಣುಪರೀಕ್ಷೆಗಳನ್ನು ಪತ್ತೆಹಚ್ಚುವ ಸಲುವಾಗಿ ೧೯೬೫ರಲ್ಲಿ ಬ್ರಿಟನ್ನಿನ ಸಹಕಾರದೊಡನೆ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಒಂದು ವ್ಯೂಹ ಸ್ಥಾಪನೆಯಾಯಿತು. ಅಲ್ಲಿ ದಾಖಲಾದ ಅಲೆಗಳು ಮ್ಯಾಂಟಲ್‌ನ ರಚನೆಯ ಅಧ್ಯಯನಕ್ಕೂ ಒದಗಿವೆ.

೩

ಆಲಿಸಿದ್ದನ್ನು ಮುಟ್ಟಿ ನೋಡುವ ಹಂಬಲವೂ ಇತ್ತು. ಸಾಗರದ ತಳದಲ್ಲಿ ಭೂಕವಚ ತೆಳುವಾಗಿರುವುದರಿಂದ ಅಲ್ಲಿಂದಲೇ ಮ್ಯಾಂಟಲ್‌ವರೆಗೆ ಕೊರೆಯಬೇಕೆಂದು ಅಮೆರಿಕದ ವಿಜ್ಞಾನಿಗಳು 'ಮೊಹೋಲ್' ಯೋಜನೆಯನ್ನು ಕೈಗೊಂಡರು. ೧೯೬೧ರಲ್ಲಿ ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಬಳಿ, ಮೂರೂವರೆ ಕಿಲೋಮೀಟರ್ ನೀರಿನ ಕೆಳಗೆ, ಸಾಗರತಳವನ್ನು ೧೮೩ ಮೀಟರ್ ಕೊರೆಯಲಾಯಿತು. ವೆಚ್ಚ ಏರಿದ ಕಾರಣ ೧೯೬೬ರಲ್ಲಿ ಯೋಜನೆ ನಿಂತಿತು.

ಸೋವಿಯತ್ ಒಕ್ಕೂಟವು ನೆಲದ ಮೇಲಿನಿಂದಲೇ ಪ್ರಯತ್ನಿಸಿತು. ನಾರ್ವೆಯ ಗಡಿಗೆ ಸಮೀಪದ ಕೋಲಾ ಪರ್ಯಾಯದ್ವೀಪದಲ್ಲಿ ೧೯೭೦ರಲ್ಲಿ ಆರಂಭವಾದ ಕೊರೆತ ೧೯೮೯ರಲ್ಲಿ ೧೨,೨೬೨ ಮೀಟರ್ ಆಳವನ್ನು ಮುಟ್ಟಿತು. ಬಾಯಿಯ ಅಗಲ ಮಾತ್ರ ಒಂದು ಗೇಣಿನಷ್ಟು. ಅಲ್ಲಿನ ಭೂಕವಚದ ಮೂರನೆಯ ಒಂದು ಭಾಗವನ್ನಷ್ಟೇ ಅದು ದಾಟಿತ್ತು; ಮ್ಯಾಂಟಲ್ ಇನ್ನೂ ಬಹುದೂರವಿತ್ತು. ನಿರೀಕ್ಷಿಸಿದ್ದ ೧೦೦ ಡಿಗ್ರಿ ಸೆಲ್ಸಿಯಸ್ ಬದಲಿಗೆ ೧೮೦ ಡಿಗ್ರಿ ಶಾಖ ಎದುರಾಗಿ ಕೊರೆತ ಅಸಾಧ್ಯವಾಯಿತು. ೧೯೯೨ರಲ್ಲಿ ಕೆಲಸ ನಿಂತಿತು.

ಕೋಲಾ ಕಲಿಸಿದ ಪಾಠ ಗಮನಾರ್ಹವಾದುದು. ಸುಮಾರು ಏಳು ಕಿಲೋಮೀಟರ್ ಆಳದಲ್ಲಿ ಅಲೆಗಳ ವೇಗ ಬದಲಾಗುವುದನ್ನು ಕಂಡು, ಅಲ್ಲಿ ಗ್ರಾನೈಟ್ ಮುಗಿದು ಬಸಾಲ್ಟ್ ಶಿಲೆ ಆರಂಭವಾಗುತ್ತದೆ ಎಂದು ತಜ್ಞರು ಭಾವಿಸಿದ್ದರು. ಕೊರೆದಾಗ ಬಸಾಲ್ಟ್ ಸಿಗಲಿಲ್ಲ. ಶಾಖ ಮತ್ತು ಒತ್ತಡಗಳಿಂದ ರೂಪಾಂತರಗೊಂಡು ಬಿರುಕುಬಿಟ್ಟ, ಬಿರುಕುಗಳಲ್ಲಿ ನೀರನ್ನು ತುಂಬಿಕೊಂಡ ಗ್ರಾನೈಟ್ ಜಾತಿಯ ಶಿಲೆಯೇ ಸಿಕ್ಕಿತು. ಅಲೆಗಳು ಸುಳ್ಳು ಹೇಳಿರಲಿಲ್ಲ. ಅವುಗಳಿಗೆ ಹಚ್ಚಿದ ಅರ್ಥ ತಪ್ಪಾಗಿತ್ತು. ಆ ತಪ್ಪನ್ನು ದಾಖಲಿಸಿ, ಅರ್ಥವನ್ನು ತಿದ್ದಿಕೊಂಡು ಶಾಸ್ತ್ರ ಮುಂದೆ ಸಾಗಿತು.

೪

ಕೊರೆತ ತನ್ನ ತುದಿಯನ್ನು ಮುಟ್ಟಿದ ೧೯೮೯ರಲ್ಲಿಯೇ ಒಂದು ಐತಿಹ್ಯವೂ ಹರಡತೊಡಗಿತು. ಸೈಬೀರಿಯಾದಲ್ಲಿ ೧೪.೪ ಕಿಲೋಮೀಟರ್ ಆಳಕ್ಕೆ ಕೊರೆದ ವಿಜ್ಞಾನಿಗಳಿಗೆ ಇದ್ದಕ್ಕಿದ್ದಂತೆ ಒಂದು ಪೊಳ್ಳು ಸಿಕ್ಕಿತು. ಅಲ್ಲಿ ೧೧೦೦ ಡಿಗ್ರಿ ಶಾಖವಿತ್ತು. ಇಳಿಬಿಟ್ಟ ಮೈಕ್ರೊಫೋನಿನಲ್ಲಿ ನರಳುವ ಅಸಂಖ್ಯ ಮನುಷ್ಯರ ಆಕ್ರಂದನ ಕೇಳಿಸಿತು. ಬೆದರಿದ ಕೆಲಸಗಾರರು ಓಡಿಹೋದರು ಎಂಬುದು ಅದರ ಸಾರ. ಫಿನ್ಲೆಂಡಿನ ಒಂದು ಧಾರ್ಮಿಕ ಪತ್ರಿಕೆಯಲ್ಲಿ ಕಾಣಿಸಿಕೊಂಡ ಈ ಸುದ್ದಿಯನ್ನು ಅಮೆರಿಕದ ಒಂದು ಧಾರ್ಮಿಕ ದೂರದರ್ಶನ ವಾಹಿನಿ ಪ್ರಸಾರ ಮಾಡಿತು. ಅದನ್ನು ಕೇಳಿ ಅಚ್ಚರಿಪಟ್ಟ ನಾರ್ವೆಯ ಶಾಲಾಶಿಕ್ಷಕರೊಬ್ಬರು, ವಾಹಿನಿ ಪರಿಶೀಲಿಸುತ್ತದೆಯೇ ಎಂದು ನೋಡಲು, ಕೊಳವೆಯಿಂದ ಬಾವಲಿಯಂತಹ ಆಕೃತಿಯೊಂದು ಹಾರಿಬಂತೆಂಬ ವಿವರವನ್ನು ತಾವೇ ಹೆಣೆದು ಕಳುಹಿಸಿದರು. ಪರಿಶೀಲನೆ ನಡೆಯಲಿಲ್ಲ. ಬಾವಲಿಯೂ ಕಥೆಯ ಭಾಗವಾಯಿತು.

ಐತಿಹ್ಯದ ಬೆಳವಣಿಗೆಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಬಹುದಾದ ನಿದರ್ಶನಗಳು ವಿರಳ. ಐತಿಹ್ಯಕ್ಕೆ ಬೇಕಾದ ಲಕ್ಷಣಗಳೆಲ್ಲ ಇಲ್ಲಿವೆ: ಹೋಗಿ ನೋಡಲಾಗದ ದೂರದ ದೇಶ, ನಂಬಿಕೆ ಹುಟ್ಟಿಸುವ ಖಚಿತ ಅಂಕಿಗಳು, ದೇವರನ್ನು ನಂಬದ ವಿಜ್ಞಾನಿಯ ಬಾಯಿಂದಲೇ ಬರುವ ಸಾಕ್ಷ್ಯ. ನರಕದ ಕಲ್ಪನೆ ಹಳೆಯದು, ಮೈಕ್ರೊಫೋನ್ ಮಾತ್ರ ಹೊಸದು. ಕಥೆ ಕಣ್ಣಿಗೆ ಕ್ಯಾಮೆರಾ ಕೊಡದೆ ಕಿವಿಗೆ ಯಂತ್ರ ಕೊಟ್ಟಿತೆಂಬುದನ್ನು ಗಮನಿಸಬೇಕು. ಭೂಗರ್ಭವನ್ನು ವಿಜ್ಞಾನವೂ ಕಿವಿಯಿಂದಲೇ ಅರಿಯುತ್ತದೆ ಎಂಬ ಅಸ್ಪಷ್ಟ ತಿಳಿವು ಇದರ ಹಿಂದೆ ಇದ್ದಿರಬಹುದು. ಆದರೆ ವ್ಯತ್ಯಾಸ ಮೂಲಭೂತವಾದುದು. ಏಳು ಕಿಲೋಮೀಟರಿನ ಆಳದಲ್ಲಿ ವಿಜ್ಞಾನ ತನ್ನ ಕಥೆಯನ್ನು ತಿದ್ದಿಕೊಂಡಿತು. ಐತಿಹ್ಯವಾದರೋ ಸುಳ್ಳು ವಿವರವನ್ನೂ ಅರಗಿಸಿಕೊಂಡು ಬೆಳೆಯಿತು.

೫

ನಮ್ಮ ಪರಂಪರೆಯ ಕಡೆಗೆ ತಿರುಗಿದಾಗ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂಬ ಏಳು ಅಧೋಲೋಕಗಳು ಭೂಮಿಯ ಪದರಗಳೇ ಆಗಿವೆ, ಆದಿಶೇಷನ ಹೆಡೆಯ ಚಲನೆಯೇ ಭೂಫಲಕಗಳ ಚಲನೆ ಎಂಬಂತಹ ವಾದಗಳು ಆಗಾಗ ಕೇಳಿಬರುತ್ತವೆ. ಪರಂಪರೆಯ ಮೇಲಿನ ಪ್ರೀತಿಯಿಂದಲೇ ಹುಟ್ಟುವ ಈ ವಾದಗಳು ಪರಂಪರೆಗೆ ನ್ಯಾಯ ಒದಗಿಸುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಪುರಾಣಗಳ ಪಾತಾಳ ಸುಡುವ ತಾಣವಲ್ಲ. ವಿಷ್ಣುಪುರಾಣದಲ್ಲಿ ಅಧೋಲೋಕಗಳನ್ನು ಸುತ್ತಿಬಂದ ನಾರದ, ಅವು ಸ್ವರ್ಗಕ್ಕಿಂತಲೂ ರಮ್ಯವೆಂದು ಬಣ್ಣಿಸುತ್ತಾನೆ. ಅಲ್ಲಿ ನಾಗರ ಹೆಡೆಮಣಿಗಳೇ ಬೆಳಕು. ಸುತಲ ಬಲಿಚಕ್ರವರ್ತಿಯ ನೆಲೆ. ಬಾವಿಗೋ ಹುತ್ತಕ್ಕೋ ಇಳಿದ ನಾಯಕ ನಾಗಲೋಕವನ್ನು ಸೇರಿ, ಮಣಿಯನ್ನೋ ಮಡದಿಯನ್ನೋ ಪಡೆದು ಮರಳುವ ಕಥೆಗಳು ನಮ್ಮ ಜನಪದರಲ್ಲಿಯೂ ಉಂಟು. ಇಲ್ಲಿ ಆಳವೆಂದರೆ ನೀರು, ಸಂಪತ್ತು, ಸಂತಾನ, ನಂಟಸ್ತಿಕೆ. ಈ ಅರ್ಥಲೋಕವನ್ನು ಬಿಟ್ಟು 'ಏಳು' ಎಂಬ ಸಂಖ್ಯೆಯನ್ನಷ್ಟೇ ಹೆಕ್ಕಿ ಮ್ಯಾಂಟಲ್‌ಗೆ ಜೋಡಿಸಿದರೆ ಕಥೆಯೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ಆದಿಶೇಷ ಭಾರ ಬದಲಿಸಿದಾಗ ನೆಲ ನಡುಗುತ್ತದೆ ಎಂಬ ನಂಬಿಕೆ, ಕಾಲಡಿಯ ನೆಲವೂ ಯಾರದೋ ತಾಳ್ಮೆಯ ಮೇಲೆ ನಿಂತಿದೆ ಎಂಬ ವಿನಯವನ್ನು ಹೇಳುತ್ತದೆ. ಜಪಾನಿನ ಜನಪದರು ಭೂಕಂಪವನ್ನು ನೆಲದಡಿಯ ಮಹಾಮೀನಿನ ಹೊರಳಾಟವೆಂದು ಭಾವಿಸಿದ್ದರು. ಯಾವುದೂ ಭೂವಿಜ್ಞಾನದ ಮುನ್ಸೂಚನೆಯಲ್ಲ. ಹಾಗೆ ಆಗಬೇಕಾದ ಅಗತ್ಯವೂ ಅವಕ್ಕಿಲ್ಲ.

೬

ಇತ್ತೀಚಿನ ಸಂಶೋಧನೆಗಳ ಸುತ್ತಲೂ ಹೊಸ ಕಥನಗಳು ಹುಟ್ಟುತ್ತಿವೆ. ೨೦೧೪ರಲ್ಲಿ ಬ್ರೆಜಿಲಿನ ಒಂದು ಪುಟ್ಟ ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಪತ್ತೆಯಾಯಿತು. ೪೧೦ರಿಂದ ೬೬೦ ಕಿಲೋಮೀಟರ್ ಆಳದ ಮ್ಯಾಂಟಲ್ ವಲಯಕ್ಕೆ ಸೇರಿದ ಈ ಖನಿಜದ ಹರಳುರಚನೆಯಲ್ಲಿಯೇ ನೀರಿನ ಅಂಶ ಬೆಸೆದುಕೊಂಡಿತ್ತು. ಸುದ್ದಿಮಾಧ್ಯಮಗಳಲ್ಲಿ ಅದು 'ಭೂಗರ್ಭದ ಮಹಾಸಾಗರ'ವಾಯಿತು. ಅಲ್ಲಿ ಅಲೆಯೇಳುವ ಕಡಲಿಲ್ಲ, ಕಲ್ಲಿನೊಳಗೆ ಸೆರೆಯಾದ ನೀರಿದೆ. ೨೦೨೩ರಲ್ಲಿ ಅಟ್ಲಾಂಟಿಕ್ ಸಾಗರದ ನಡುವಣ ಅಟ್ಲಾಂಟಿಸ್ ಮಾಸಿಫ್ ಎಂಬಲ್ಲಿ ೧೨೬೮ ಮೀಟರ್ ಕೊರೆದು ಮ್ಯಾಂಟಲ್ ಶಿಲೆಗಳನ್ನು ಹೊರತೆಗೆಯಲಾಯಿತು. ಭೂಕವಚವನ್ನು ಭೇದಿಸಿ ತೆಗೆದ ಶಿಲೆಗಳಲ್ಲ ಅವು; ಭೂಚಲನೆಯಿಂದ ತಾವಾಗಿಯೇ ಸಾಗರತಳದ ಸಮೀಪಕ್ಕೆ ಬಂದಿದ್ದವು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕ್ಷೀಣವಾಗಿರುವ ವಿಶಾಲ ಪ್ರದೇಶವೊಂದಿದೆ. ಮ್ಯಾಂಟಲ್‌ನ ಆಳದಿಂದ ಮೇಲೇರಿದ ಬಿಸಿಯಾದ, ಹಗುರ ದ್ರವ್ಯ ಅದಕ್ಕೆ ಕಾರಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೨೩ರಲ್ಲಿ ಗಣಕಮಾದರಿಗಳ ಮೂಲಕ ವಿವರಿಸಿದರು. ಸುದ್ದಿಯಲ್ಲಿ ಇದು 'ಗುರುತ್ವದ ರಂಧ್ರ'ವಾಯಿತು. ಪರಿಭಾಷೆ ರೂಪಕವಾಗುವ, ರೂಪಕ ಕಥೆಯಾಗುವ ಈ ಕ್ರಿಯೆಯನ್ನು ಅದು ನಡೆಯುತ್ತಿರುವಾಗಲೇ ದಾಖಲಿಸುವುದು ಜಾನಪದ ವಿದ್ವಾಂಸರ ಕೆಲಸ.

ನಮ್ಮ ನೆಲದಲ್ಲಿಯೇ ಮತ್ತೊಂದು ಕೆಲಸ ಉಳಿದಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು ದುಡಿದಿದ್ದಾರೆ. ಭೂಮಿಯ ತ್ರಿಜ್ಯದ ಲೆಕ್ಕದಲ್ಲಿ ಇದು ಎರಡು ಸಾವಿರದಲ್ಲಿ ಒಂದು ಪಾಲು. ಆದರೂ ಬಂಡೆಯ ಶಾಖ, ಒತ್ತಡ ತಾಳದೆ ಕಲ್ಲು ಸಿಡಿಯುವ ಸದ್ದು, ಅದರಿಂದಾದ ಸಾವುಗಳು ಅವರಿಗೆ ಪುಸ್ತಕದ ಸಂಗತಿಗಳಾಗಿರಲಿಲ್ಲ. ೨೦೦೧ರಲ್ಲಿ ಗಣಿಗಳು ಮುಚ್ಚಿದವು. ಅಲ್ಲಿಗೆ ಇಳಿದಿದ್ದವರು ಈಗ ವೃದ್ಧರು. ಯಂತ್ರಗಳು ಅಲ್ಲಿ ಬರೆದ ಕಂಪನಗಳು ಕಡತಗಳಲ್ಲಿ ಉಳಿದಾವು. ಕತ್ತಲಲ್ಲಿ ಕಲ್ಲಿನ ಸದ್ದಿಗೆ ಕಿವಿಗೊಟ್ಟವರ ನೆನಪುಗಳು, ಅವರು ತಮಿಳು, ತೆಲುಗು, ಕನ್ನಡಗಳಲ್ಲಿ ಕಟ್ಟಿಕೊಂಡ ಕಥನಗಳು ಅವರೊಡನೆಯೇ ಮರೆಯಾಗುತ್ತವೆ. ಈ ಸಂಗ್ರಹಕಾರ್ಯವನ್ನು ಇನ್ನು ಮುಂದೂಡುವಂತಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಭೂಗರ್ಭದ ವಿಜ್ಞಾನ ಮತ್ತು ಭೂಗರ್ಭದ ಕಥನ ಎರಡೂ ಕಾಣದ ಆಳಕ್ಕೆ ಇಳಿಬಿಟ್ಟ ಪಾತಾಳಗರಡಿಗಳೇ. ಒಂದು ಆ ಆಳದಲ್ಲಿ ಏನಿದೆ ಎಂಬುದನ್ನು ಹುಡುಕುತ್ತದೆ. ಮತ್ತೊಂದು ಆ ಆಳದ ಮೇಲೆ ಬದುಕುವ ನಾವು ಏನೆಂಬುದನ್ನು ಹುಡುಕುತ್ತದೆ. ಒಂದರ ಕೊಕ್ಕೆಗೆ ಸಿಕ್ಕಿದ್ದನ್ನು ಮತ್ತೊಂದರದೆಂದು ಹೇಳದಿರುವ ಎಚ್ಚರ ಸಂಶೋಧಕನಿಗೆ ಇರಬೇಕು.